ಗಂಡನ ಸಹಿ ಇದ್ದ ನಲವತ್ತೊಂದು ಅರ್ಜಿ

ಲುಂಬಿನಿ ನನಗೆ ಪರಿಚಯವಾದದ್ದು ಶಹಾಬಾದಿನಲ್ಲಿ ನಡೆದ ಒಂದು ಬಿ.ಎಲ್.ಒ. ತರಬೇತಿಯಲ್ಲಿ. ಬಿ.ಎಲ್.ಒ. ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ. ಹೆಸರಿನಲ್ಲಷ್ಟೇ ಅಧಿಕಾರ, ಕೆಲಸವೆಲ್ಲ ಕಾಲಿನದು. ಒಂದು ಮತಗಟ್ಟೆಗೆ ಸೇರಿದ ಮನೆಮನೆಗೂ ಹೋಗಿ ಯಾರಿದ್ದಾರೆ, ಯಾರು ತೀರಿಕೊಂಡರು, ಯಾರು ಊರು ಬಿಟ್ಟರು ಎಂದು ನೋಡಿ ಮತದಾರರ ಪಟ್ಟಿಯನ್ನು ಸರಿಯಾಗಿಡಬೇಕು. ನನ್ನಂಥ ಶಾಲಾ ಶಿಕ್ಷಕಿಯರಿಗೆ, ಅವಳಂಥ ಅಂಗನವಾಡಿ ಕಾರ್ಯಕರ್ತೆಯರಿಗೆ ಇರುವ ಕೆಲಸದ ಮೇಲೆ ಬಂದು ಕೂರುವ ಕೆಲಸ ಇದು. ನಾವೆಲ್ಲ ಗೊಣಗುತ್ತಲೇ ಮಾಡುತ್ತೇವೆ. ಲುಂಬಿನಿ ಗೊಣಗಿದ್ದನ್ನು ನಾನು ಕೇಳಿಲ್ಲ. ಅವಳ ಮತಗಟ್ಟೆಯ ಭಾಗ ನನ್ನ ಭಾಗದ ಪಕ್ಕದ್ದೇ ಆದ್ದರಿಂದ ತಹಶೀಲ ಕಚೇರಿಗೆ ಹೋಗುವಾಗ, ಬರುವಾಗ ಜೊತೆಯಾಗುತ್ತಿದ್ದೆವು. ನನಗಿಂತ ಹತ್ತು ವರ್ಷ ಸಣ್ಣವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಹೀಗಾಗಿ ಅವಳ ಮನೆಯ ಮಾತು ಅವಳ ಬಾಯಿಂದಲೇ ನನಗೆ ಬಂತು. ಕೆಲವನ್ನು ನಾನೇ ಕಣ್ಣಾರೆ ಕಂಡೆ.

ಅವಳ ತವರು ಚಿತ್ತಾಪುರ. ಪಿ.ಯು.ಸಿ. ಮುಗಿಸಿದ ಮೇಲೆ ಶಹಾಬಾದಿನ ಅಜಯಕುಮಾರನ ಜೊತೆ ಬುದ್ಧವಿಹಾರದಲ್ಲಿ ಮದುವೆಯಾಯಿತು. ಹದಿನೆಂಟಕ್ಕೇ ಕಲ್ಲಿನ ಅಡ್ಡೆಗೆ ಸೇರಿದ ಅಜಯಕುಮಾರ, ಹಾಸುಗಲ್ಲು ಕತ್ತರಿಸುವ ಯಂತ್ರ ನಡೆಸುವುದನ್ನು ಕಲಿತು ಮೇಸ್ತ್ರಿಯಾಗಿದ್ದ. ಕುಡಿತವಿಲ್ಲ, ಬೈಗುಳವಿಲ್ಲ. ಹೆಂಡತಿ ಅಂಗನವಾಡಿ ಸೇರಲು ಅರ್ಜಿ ಹಾಕಿದಾಗ ಕಲಬುರಗಿಗೆ ಮೂರು ಸಲ ಓಡಾಡಿದ್ದು ಅವನೇ. ಮನೆಯಲ್ಲಿ ಅವನ ತಾಯಿ ಸಾಬಮ್ಮ, ಮಗಳು ಪೂನಮ್. ಭಾನುವಾರ ನಾಲ್ವರೂ ಬಿಳಿ ಬಟ್ಟೆ ಉಟ್ಟು ವಿಹಾರಕ್ಕೆ ಹೋಗುತ್ತಿದ್ದರು.

ಅಜಯಕುಮಾರ ಒಂದು ಪಕ್ಷ ಸೇರಿದ್ದು ಮದುವೆಯಾಗಿ ಕೆಲವು ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಓಣಿಯ ಹಿರಿಯರೂ ವಾರ್ಡಿನ ಮೆಂಬರೂ ಅವನನ್ನು "ಏ ಅಜ್ಯಾ" ಎಂದೇ ಕರೆಯುತ್ತಿದ್ದರು. ನೀರಿನ ನಳದ ವಿಷಯ ಮಾತಾಡಲು ಹೋದರೆ ಮೆಂಬರನ ಮನೆಯ ಕಟ್ಟೆಯ ಕೆಳಗೇ ನಿಲ್ಲಬೇಕಿತ್ತು. ಹೊಸ ಪಕ್ಷದ ಮುಖಂಡ ಭಗವಂತರಾವ್ ಅವನನ್ನು ಕುರ್ಚಿ ಹಾಕಿ ಕೂರಿಸಿದ, ಬೂತ್ ಅಧ್ಯಕ್ಷನನ್ನಾಗಿ ಮಾಡಿದ, ಮೈಕಿನಲ್ಲಿ "ಸನ್ಮಾನ್ಯ ಅಜಯಕುಮಾರ ಅವರು" ಎಂದು ಕರೆದ. ಆ ಸಂಜೆ ಗಂಡ ಹೆಗಲ ಮೇಲಿನ ಶಾಲು ತೆಗೆಯದೆ ಬಹಳ ಹೊತ್ತು ಕೂತಿದ್ದನಂತೆ.

"ಅವ್ರ ಮುಖ ನೋಡಿ ನನಗೂ ಖುಷಿ ಆಗಿತ್ತಕ್ಕ. ಖರೇನ ಆಗಿತ್ತು," ಎಂದಿದ್ದಳು ಲುಂಬಿನಿ.

ಆದರೆ ಆ ಪಕ್ಷ ಅವಳಿಗೆ ಹಿಡಿಸಲಿಲ್ಲ. ಅವಳ ಅಂಗನವಾಡಿಗೆ ಬರುವ ಮಕ್ಕಳಲ್ಲಿ ಅರ್ಧಕ್ಕರ್ಧ ಖಣಿ ಓಣಿಯವರು. ಹಳೆಯ ಕಲ್ಲಿನ ಖಣಿಗಳ ಅಂಚಿನಲ್ಲಿರುವ ಆ ಓಣಿಯಲ್ಲಿ ಮುಸ್ಲಿಮರಿದ್ದಾರೆ, ವಡ್ಡರಿದ್ದಾರೆ, ಲಂಬಾಣಿಗರಿದ್ದಾರೆ. ಎಲ್ಲರದೂ ಕಲ್ಲಿನ ಕೆಲಸವೇ. ಸಭೆಗಳಲ್ಲಿ ಭಗವಂತರಾವ್ ಆ ಓಣಿಯ ಬಗ್ಗೆ ಮಾತಾಡುವ ರೀತಿ ಅವಳಿಗೆ ಆಗುತ್ತಿರಲಿಲ್ಲ. ತಾನು ತೊಡೆಯ ಮೇಲೆ ಕೂರಿಸಿಕೊಂಡು ಮೊಟ್ಟೆ ತಿನ್ನಿಸಿದ ಮಕ್ಕಳನ್ನು ಮೈಕಿನಲ್ಲಿ ಯಾರೋ ಹೊರಗಿನವರು ಎಂದರೆ ಅವಳು ಹೇಗೆ ಒಪ್ಪಿಯಾಳು? ಗಂಡನ ಎದುರು ಏನೂ ಹೇಳಲಿಲ್ಲ. ಮತಯಂತ್ರದ ಮುಂದೆ ನಿಂತಾಗ ತನಗೆ ಸರಿ ಕಂಡ ಗುಂಡಿ ಒತ್ತಿ ಬಂದಳು. ಅವನು ಕೇಳಲೂ ಇಲ್ಲ.

ಗುಟ್ಟು ಹೊರಬಿದ್ದದ್ದು 2023ರ ವಿಧಾನಸಭಾ ಚುನಾವಣೆ ಮುಗಿದ ಮರುದಿನ. ಲುಂಬಿನಿ ರೊಟ್ಟಿ ಬಡಿಯುತ್ತಿದ್ದಳು. ಅಜಯಕುಮಾರ ಪಕ್ಕದಲ್ಲೇ ಕೂತು ಫೋನಿನಲ್ಲಿ ಭಗವಂತರಾವ್‌ಗೆ ಓಣಿಯ ವರದಿ ಒಪ್ಪಿಸುತ್ತಿದ್ದ.

"ನಮ್ ಮನ್ಯಾಗ ಮೂರಕ್ಕ ಮೂರೂ ನಮ್ಮವೇ ಅಣ್ಣಾ. ಹೆಂಡ್ತಿ ಬಿ.ಎಲ್.ಒ. ಇರಬಹುದು, ಓಟು ಮಾತ್ರ ನಾ ಹೇಳಿದಲ್ಲೇ ಒತ್ತತಾಳ."

ಅವನು ಫೋನಿಟ್ಟ ಮೇಲೆ ಲುಂಬಿನಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಹೇಳಿದಳು, "ನಂದು ಬಿಟ್ಟು ಹೇಳಬೇಕಾಗಿತ್ರಿ. ನಾ ನಿಮ್ ಪಾರ್ಟಿಗಿ ಹಾಕಿಲ್ಲ."

ಅವನು ನಕ್ಕ. ಅವಳು ನಗಲಿಲ್ಲ.

"ಈ ಸಲ ಹಾಕಿಲ್ಲೇನು?"

"ಯಾವ ಸಲನೂ ಹಾಕಿಲ್ಲ."

ಅವನು ತಾಯಿಯತ್ತ ತಿರುಗಿದ. ಸಾಬಮ್ಮ ಕೈ ಅಡ್ಡ ಮಾಡಿದಳು. "ನನಗ ಕೇಳಬ್ಯಾಡಪ್ಪ. ನಾ ಒತ್ತಿದ್ದು ನನಗ ಗೊತ್ತು, ಆ ಮಷೀನಿಗಿ ಗೊತ್ತು."

ಅಜಯಕುಮಾರ ಎಂಟು ದಿನ ಹೆಂಡತಿಯ ಜೊತೆ ಮಾತಾಡಲಿಲ್ಲ. ಒಂಬತ್ತನೆಯ ದಿನ ಅವನು ಆಡಿದ ಮಾತು ಅವಳಿಗೆ ನೋವಾಗುವಂತೆಯೇ ಇತ್ತು. "ಓಟು ನಿಂದು, ಎಲ್ಲಿ ಬೇಕಲ್ಲಿ ಹಾಕು. ಆದ್ರ ಇಷ್ಟು ವರ್ಷ ನನ್ನ ಬಾಜೂಕ ಕುಂತು, ನಾ ಹುಚ್ಚರಂಗ ಊರಿಗೆಲ್ಲಾ ಹೇಳಿಕೋತ ತಿರಗೋದು ನೋಡ್ಕೋತ ಸುಮ್ನಿದ್ದಿ ಅಲ್ಲಾ."

ಅದು ಅವಳಿಗೆ ನಾಟಿತು. "ಅವ್ರು ಕೇಳಿರಲಿಲ್ಲ, ನಾ ಹೇಳಿರಲಿಲ್ಲ. ಆದ್ರೂ ಆ ಮಾತು ಖರೇನೇ ಇತ್ತಕ್ಕ," ಎಂದಳು ನನಗೆ.

ಆಮೇಲೆ ಸಂಸಾರ ನಡೆಯಿತು, ಆದರೆ ಮೊದಲಿನ ಹಾಗಲ್ಲ. ಅವಳು ಅಡುಗೆಮನೆಗೆ ಬಂದಾಗಲೇ ಅವನು ಟಿ.ವಿ.ಯಲ್ಲಿ ಜಗಳದ ಚರ್ಚೆ ಹಚ್ಚಿ ಧ್ವನಿ ಏರಿಸುತ್ತಿದ್ದ. ಅವಳು ಈಳಿಗೆ, ಬದನೆಕಾಯಿ ಎತ್ತಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದಳು. ಅವನ ಪಕ್ಷದವರು ಮನೆಗೆ ಬಂದರೆ ಚಹಾ ಕೊಟ್ಟು ಒಳಗೆ ಬರುತ್ತಿದ್ದಳು, ಅಷ್ಟೇ. ಹಿಂದೆ ಗಂಡನ ಅಂಗಿಗೆ ಬ್ಯಾಡ್ಜು ಚುಚ್ಚಿಕೊಡುತ್ತಿದ್ದವಳು ಈಗ ಚುಚ್ಚುತ್ತಿರಲಿಲ್ಲ, ಅವನೂ ಕೇಳುತ್ತಿರಲಿಲ್ಲ.

ಮರುವರ್ಷದ ಚಳಿಗಾಲದಲ್ಲಿ ಮತದಾರರ ಪಟ್ಟಿಯ ಪರಿಷ್ಕರಣೆ ಬಂತು. ನಗರಸಭೆ ಚುನಾವಣೆಯೂ ಹತ್ತಿರದಲ್ಲಿದೆ ಎಂಬ ಮಾತಿತ್ತು. ನಮ್ಮನ್ನೆಲ್ಲ ತಹಶೀಲ ಕಚೇರಿಗೆ ಕರೆದು ಅವರವರ ಭಾಗದ ಅರ್ಜಿಗಳನ್ನು ಹಂಚಿದರು. ನನಗೆ ಹನ್ನೊಂದು ಬಂದವು. ಲುಂಬಿನಿಯ ಕೈಗೆ ದಾರ ಕಟ್ಟಿದ ಒಂದು ದಪ್ಪ ಕಟ್ಟನ್ನೇ ಕೊಟ್ಟರು. ಚುನಾವಣಾ ಶಾಖೆಯ ಗುಮಾಸ್ತ ಮೇಲಿನ ಹಾಳೆಯ ಸಹಿಗೆ ಬೆರಳಿಟ್ಟು ಕೇಳಿದ, "ಇವ್ರು ನಿಮ್ ಯಜಮಾನ್ರಲ್ಲೇನ್ರಿ ಟೀಚರ್?"

ಹೆಸರು ತೆಗೆದುಹಾಕಬೇಕೆಂದು ಕೊಡುವ ನಮೂನೆ ಏಳರ ಅರ್ಜಿಗಳು ಅವು. ನಲವತ್ತೊಂದು. ನಲವತ್ತೊಂದೂ ಖಣಿ ಓಣಿಯ ಹೆಸರುಗಳು. ಎಲ್ಲದರಲ್ಲೂ ಒಂದೇ ಕಾರಣ: ಊರು ಬಿಟ್ಟಿದ್ದಾರೆ. ಆಕ್ಷೇಪಣೆ ಮಾಡಿದವರ ಜಾಗದಲ್ಲಿ ನಲವತ್ತೊಂದು ಸಲ ಅಜಯಕುಮಾರನ ಹೆಸರು, ಅವನ ಸಹಿ. ಸುತ್ತ ಕೂತಿದ್ದವರಲ್ಲಿ ಕೆಲವರು ನಕ್ಕರು. ಲುಂಬಿನಿ ಒಂದೊಂದೇ ಹಾಳೆ ತಿರುವಿ ಎಣಿಸಿ, ಪಡೆದಿದ್ದೇನೆಂದು ಬರೆದುಕೊಟ್ಟು, ಕಟ್ಟನ್ನು ಚೀಲಕ್ಕೆ ಹಾಕಿಕೊಂಡಳು.

ಅಂದು ಸಂಜೆ ಅಡ್ಡೆಯಿಂದ ಬಂದ ಗಂಡ ಕೈಕಾಲು ತೊಳೆದು ಕೂತ ಮೇಲೆ ಕಟ್ಟನ್ನು ಅವನ ಮುಂದಿಟ್ಟಳು.

"ಇವು ನೀವು ಬರದಿದ್ದೇನ್ರಿ?"

"ಸಹಿ ನಂದೇ."

"ಬರದಿದ್ದು ಯಾರು?"

"ಭಗವಂತಣ್ಣನ ಆಫೀಸಿನಾಗ ತುಂಬಿಟ್ಟಿದ್ರು. ಅದ್ರಾಗೇನದ? ಹೋದ ಸಲ ಹತ್ತೊಂಬತ್ತು ಓಟಿನ್ಯಾಗ ವಾರ್ಡ್ ಹೋಯ್ತು, ನೆನಪದನಿಲ್ಲ? ಪುಣೆದಿಂದ ಗಾಡಿ ತುಂಬಿಕೊಂಡು ಬಂದು ಒತ್ತಿ ಹೋದ್ರು. ಅಲ್ಲಿ ದುಡಿಯೋರಿಗಿ, ಅಲ್ಲಿ ಉಣ್ಣೋರಿಗಿ ಇಲ್ಲೇನು ಓಟು?"

"ಈ ನಲವತ್ತೊಂದೂ ಮಂದಿ ಪುಣೆದಾಗ ಅದಾರೇನು? ನೀವು ಹೋಗಿ ಬಾಗ್ಲಾ ಬಡದು ನೋಡೀರೇನು?"

ಅವಳು ಅರ್ಜಿಯ ಕೊನೆಯ ಸಾಲುಗಳನ್ನು ಬೆರಳಿಟ್ಟು ಓದಿದಳು. ಮೇಲೆ ಹೇಳಿದ್ದು ನನಗೆ ತಿಳಿದ ಮಟ್ಟಿಗೆ ಸತ್ಯ, ಸುಳ್ಳು ಹೇಳಿಕೆ ಶಿಕ್ಷಾರ್ಹ ಎಂದು ಗೊತ್ತಿದೆ, ಎಂದಿತ್ತು ಅಲ್ಲಿ. ಒಂದು ವರ್ಷದ ತನಕ ಜೈಲು ಆಗಬಹುದು ಎಂದು ತರಬೇತಿಯಲ್ಲಿ ನಮಗೆ ಹೇಳಿದ್ದರು. ಅದನ್ನೂ ಹೇಳಿದಳು. ಅಜಯಕುಮಾರ ಆ ಸಾಲುಗಳನ್ನು ಓದಿರಲೇ ಇಲ್ಲ.

"ನಾಳಿ ನನ್ ಜೋಡಿ ಬರ್ರಿ. ಮನಿ ಮನಿ ತಿರಗೋಣ. ಯಾರು ಇಲ್ಲೋ ಅವರ ಹೆಸ್ರು ನಾನೇ ತಗೀಲಿಕ್ಕಿ ಬರೀತೀನಿ. ಯಾರು ಅದಾರೋ ಅವರ ಅರ್ಜಿ ನೀವು ವಾಪಸ್ ತಗೋರಿ. ಅಲ್ಲಿಗಿ ಮುಗೀತದ."

"ಬೂತ್ ಅಧ್ಯಕ್ಷ ಹೆಂಡ್ತಿ ಹಿಂದ ಚೀಲ ಹಿಡಕೊಂಡು ಖಣಿ ಓಣಿ ತಿರಗಬೇಕೇನು? ನೀ ಜರಾ ಕಣ್ಣ ಮುಚ್ಚಿ ಬರದು ಕೊಟ್ರ ಯಾರ್ ಕೇಳ್ತಾರ?"

"ನಾ ಒಬ್ಬಾಕಿನೇ ಹೋಗ್ತೀನಿ," ಎಂದು ಲುಂಬಿನಿ ಕಟ್ಟನ್ನು ಎತ್ತಿಟ್ಟಳು.

ಮರುದಿನ ಅಂಗನವಾಡಿ ಮುಗಿಸಿ ಹೊರಟಳು. ಮೊದಲ ಮನೆ ತಾಜುನ್ನಿಸಾ ಅವರದು. ಎಪ್ಪತ್ತು ದಾಟಿದ ಮುದುಕಿ, ಗಂಡ ತೀರಿಹೋಗಿ ಹಲವು ವರ್ಷವಾಗಿತ್ತು. ಬಾಗಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು.

"ಅಮ್ಮಾ, ನೀವು ಊರು ಬಿಟ್ಟು ಹೋಗೀರಿ ಅಂತ ಅರ್ಜಿ ಬಂದದ್ರಿ."

"ಅರೆ ಬೇಟಿ, ನಾ ಎಲ್ಲಿಗಿ ಹೋಗ್ಲಿ? ನಾ ಸತ್ರ ನನ್ ಮಯ್ಯತ್ ಸುದ್ದಾ ಈ ಬಾಗ್ಲಾದಿಂದ್ಲೇ ಏಳ್ತದ. ಯಾರು ಕೊಟ್ಟಾರ?"

ಹೇಳದೆ ವಿಧಿಯಿರಲಿಲ್ಲ. ಆಕ್ಷೇಪಣೆ ಯಾರದೆಂದು ಕೇಳುವ ಹಕ್ಕು ಅವರಿಗಿತ್ತು. "ನಮ್ಮ ಮನಿಯವ್ರೇ ಕೊಟ್ಟಾರ್ರಿ," ಎಂದಳು ಲುಂಬಿನಿ.

ತಾಜುನ್ನಿಸಾರ ಕೈಯಲ್ಲಿನ ಮೊರ ನಿಂತಿತು. ಅಜಯಕುಮಾರನಿಗೆ ಯಂತ್ರದ ಕೆಲಸ ಕಲಿಸಿದ ಉಸ್ತಾದ್ ಅವರ ಗಂಡನೇ. ಕಲಿಯುತ್ತಿದ್ದ ಮೊದಲ ವರ್ಷ ಹುಡುಗ ಮಧ್ಯಾಹ್ನದ ಊಟ ಮಾಡಿದ್ದು ಇದೇ ಮನೆಯಲ್ಲಿ. ಮುದುಕಿ ಬೈಯಲಿಲ್ಲ. ಲುಂಬಿನಿ ಚಾಚಿದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಮತ್ತೆ ಜೋಳದತ್ತ ಬಗ್ಗಿದರು.

ನಾಲ್ಕು ದಿನ ತಿರುಗಿದಳು. ಮೂವತ್ತು ಮಂದಿ ಅವರವರ ಮನೆಯಲ್ಲೇ ಸಿಕ್ಕರು. ಐದು ಮಂದಿ ಪುಣೆಗೆ ದುಡಿಯಲು ಹೋಗಿದ್ದರು. ಆದರೆ ಮನೆ, ಮಕ್ಕಳು, ರೇಷನ್ ಎಲ್ಲ ಇಲ್ಲೇ. ಕೆಲಸಕ್ಕೆಂದು ಕೆಲವು ತಿಂಗಳು ಹೋದವರ ಹೆಸರು ತೆಗೆಯಲು ನಿಯಮವಿರಲಿಲ್ಲ. ಇಬ್ಬರು ನಿಜವಾಗಿಯೂ ತೀರಿಕೊಂಡಿದ್ದರು. ನಾಲ್ವರು ಸಂಸಾರ ಸಮೇತ ಬೇರೆ ಊರಿಗೆ ಹೋಗಿ ನೆಲೆಸಿದ್ದರು. ಪ್ರತಿ ಮನೆಯ ಮುಂದೆ ಫೋಟೋ ತೆಗೆದು, ಅಕ್ಕಪಕ್ಕದ ಇಬ್ಬರ ಸಹಿ ಹಾಕಿಸಿ ವರದಿ ಬರೆದಳು.

ಹೋದ ನಾಲ್ವರಲ್ಲಿ ಒಬ್ಬ ಖಾಜಾ. ಪಕ್ಕದ ವಾಡಿ ಪಟ್ಟಣದಲ್ಲಿ ಮನೆ ಮಾಡಿ ಎರಡು ವರ್ಷವಾಗಿತ್ತು. ಸುದ್ದಿ ತಿಳಿದು ಅಂಗನವಾಡಿಗೇ ಬಂದ.

"ಟೀಚರ್, ನಾ ಓಟಿನ ದಿನ ತಪ್ಪದೆ ಬರ್ತೀನಲ್ರಿ. ನೀವು ಯಾವ ಕಡಿ ಅಂತ ನನಗ ಗೊತ್ತದ. ನಾನೂ ಅದೇ ಕಡಿ. ನಮ್ದೇ ಒಂದು ಓಟು ಯಾಕ ಕಡಿತೀರಿ?"

"ನಾ ಯಾವ ಕಡಿ ಅನ್ನೋದು ಈ ಕಾಗದದಾಗ ಬರಂಗಿಲ್ಲ ಭಾಯ್. ವಾಡಿದಾಗ ಫಾರಂ ತುಂಬ್ರಿ, ಅಲ್ಲಿ ಹೆಸ್ರು ಬರ್ತದ. ಇಲ್ಲಿ ತಗೀಲೇಬೇಕು."

"ನೀವೂ ನಿಮ್ ಗಂಡನಂಗೇ," ಎಂದು ಖಾಜಾ ಸಿಟ್ಟಿನಿಂದ ಹೋದ.

ಆರು ಹೆಸರು ತೆಗೆಯಬಹುದು, ಮೂವತ್ತೈದು ಉಳಿಯಬೇಕು ಎಂದು ಅವಳ ವರದಿ ಸಿದ್ಧವಾಯಿತು. ಅದು ಹೇಗೋ ಭಗವಂತರಾವ್ ಕಿವಿಗೆ ಬಿತ್ತು. ಭಾನುವಾರ ಬೆಳಿಗ್ಗೆ ಅವನೇ ಮನೆಗೆ ಬಂದ. ಲುಂಬಿನಿ ಚಹಾ ಇಟ್ಟಳು.

"ಕುಂದುರು ತಂಗಿ," ಎಂದ ಅವನು ಮೆತ್ತಗೆ. "ನಿನಗ ಒಂದು ಖುಷಿ ಸುದ್ದಿ ಹೇಳಬೇಕಂತ ಬಂದೀನಿ. ಈ ಸಲ ನಗರಸಭೆಗಿ ನಮ್ ವಾರ್ಡಿನ ಟಿಕೆಟ್ ಅಜಯಕುಮಾರಗೇ ಅಂತ ಮ್ಯಾಲ ಮಾತಾಡೀನಿ. ನಾಳಿ ನೀ ಮೆಂಬರ್ ಹೆಂಡ್ತಿ ಆಗಾಕಿ. ಆದ್ರ ವಾರ್ಡ್ ಗೆಲ್ಲಬೇಕಲ್ಲ? ನೀ ಆ ವರದಿದಾಗ ಭಾಳ ಬಿಗಿ ಹಿಡೀಬ್ಯಾಡ."

ಅಜಯಕುಮಾರ ನೆಲ ನೋಡುತ್ತಿದ್ದ. ಟಿಕೆಟ್ಟಿನ ಮಾತು ಅವನು ಹೆಂಡತಿಗೆ ಹೇಳಿರಲಿಲ್ಲ. ಲುಂಬಿನಿ ಗಂಡನ ಮುಖ ನೋಡಿದಳು, ಅವನಿಗೆ ಅದು ಎಷ್ಟು ಬೇಕಾಗಿದೆ ಎಂದು ಅವಳಿಗೆ ಕಂಡಿತು.

"ಅಣ್ಣಾ, ಚಾ ಆರಲಿಕತ್ತದ. ಕುಡೀರಿ," ಎಂದಳು. "ವರದಿ ನಾ ನೋಡಿದಂಗ ಬರದೀನಿ. ನಾಳಿ ಆಫೀಸಿಗಿ ಕೊಡ್ತೀನಿ."

ಅವನು ಹೋದ ಮೇಲೆ ಅಜಯಕುಮಾರ ಕೂಗಾಡಲಿಲ್ಲ. ಕೂಗಾಡಿದ್ದರೆ ತಾಳಿಕೊಳ್ಳಬಹುದಿತ್ತು ಎಂದಳು ಲುಂಬಿನಿ. ಅವನು ಬೇಡಿಕೊಂಡ. "ಲಗ್ನ ಆದಾಗಿಂದ ನಾ ನಿನಗ ಏನಾರ ಕೇಳೀನೇನು? ಇದೊಂದು ಕೇಳ್ಲಿಕತ್ತೀನಿ. ಒಂದ್ಸಲ ನಾನೂ ಆ ಕಟ್ಟಿ ಮ್ಯಾಲ ಕುಂದ್ರತೀನಿ."

"ನಂದು ಅಂತ ಇರೋದು ಏನ್ ಬೇಕಾದ್ರೂ ಕೇಳ್ರಿ, ಕೊಡ್ತೀನಿ. ಆ ಮಂದಿ ಓಟು ನಂದಲ್ಲ. ನನ್ನದಲ್ಲದ್ದು ನಾ ಹ್ಯಾಂಗ ಕೊಡ್ಲಿ?"

ಆ ಭಾನುವಾರವೂ ವಿಹಾರಕ್ಕೆ ಹೋದರು. ಅವನು ಗಂಡಸರ ಸಾಲಿನಲ್ಲಿ ಕೂತ, ಅವಳು ಹೆಂಗಸರ ಸಾಲಿನಲ್ಲಿ. ಮನೆಗೆ ಬರುವಾಗ ಅವನು ಹತ್ತು ಹೆಜ್ಜೆ ಮುಂದೆ ನಡೆದ.

ಸೋಮವಾರ ಅವಳು ವರದಿ ಕೊಟ್ಟಳು. ಬುಧವಾರ ಅವಳ ಮೇಲೆ ದೂರು ಬಂತು. ಈ ಬಿ.ಎಲ್.ಒ. ಒಂದು ಪಕ್ಷದ ಪರವಾಗಿ ಕೆಲಸ ಮಾಡುತ್ತಾರೆ, ಇವರನ್ನು ತೆಗೆದು ಬೇರೆಯವರನ್ನು ನೇಮಿಸಬೇಕು ಎಂದು. ಕೆಳಗೆ ಬೂತ್ ಅಧ್ಯಕ್ಷ ಅಜಯಕುಮಾರ ಎಂದು ಸಹಿ.

ದೂರಿನ ಪ್ರತಿ ಕೈಗೆ ಬಂದ ದಿನ ಲುಂಬಿನಿ ನನ್ನ ಶಾಲೆಗೆ ಬಂದಳು. ಅತ್ತದ್ದನ್ನು ನಾನು ನೋಡಿದ್ದು ಆಗ ಒಂದೇ ಸಲ. "ನಾ ಅವ್ರಿಗಿ ಹಾಕಿಲ್ಲಂತ ಖರೇ ಹೇಳಿದ್ದೆ ಅಕ್ಕ. ಅದೇ ಮಾತು ನನ್ನ ಮ್ಯಾಲ ಕಾಗದದಾಗ ಬರದು ಕೊಟ್ಟಾರ," ಎಂದಳು.

"ಈ ಕೆಲಸಾನೇ ಬ್ಯಾಡ ಅಂತ ಬರದು ಕೊಡು. ಸಂಸಾರಕ್ಕಿಂತ ದೊಡ್ಡದೇನು ಇದು?" ಎಂದೆ ನಾನು. ಆ ಮಾತು ಆಡಿದ್ದಕ್ಕೆ ಈಗಲೂ ನನಗೆ ನಾಚಿಕೆಯಿದೆ.

ಅವಳು ಮುಖ ಒರೆಸಿಕೊಂಡಳು. "ನಾ ಬಿಟ್ರ ನನ್ ಜಾಗಾಕ್ಕ ಬರೋರು ಆ ಓಣಿಗಿ ಹೋಗೇ ಹೋಗ್ತಾರಂತ ನೀವು ಹೇಳ್ತೀರೇನು?" ಎಂದಳು.

ವಿಚಾರಣೆಯ ದಿನ ನನಗೂ ಕಚೇರಿಯಲ್ಲಿ ಕೆಲಸವಿತ್ತು. ಒಂದೇ ಮನೆಯಿಂದ ಹೊರಟ ಗಂಡ ಬೈಕಿನಲ್ಲಿ ಬಂದ, ಹೆಂಡತಿ ಟಂಟಂ ಆಟೋ ಹತ್ತಿ ಬಂದಳು. ತಹಶೀಲ್ದಾರರು ಇಬ್ಬರನ್ನೂ ಎದುರು ಕೂರಿಸಿದರು.

"ದೂರು ಕೊಟ್ಟವರು ನಿಮಗೆ ಏನಾಗಬೇಕು?" ಎಂದು ಲುಂಬಿನಿಯನ್ನು ಕೇಳಿದರು.

"ಗಂಡ ಆಗಬೇಕ್ರಿ ಸರ್."

"ನೀವು ಬೇರೆ ಪಕ್ಷಕ್ಕೆ ಮತ ಹಾಕ್ತೀರಿ ಅಂತ ಬರೆದಿದ್ದಾರೆ."

"ನನ್ ಓಟು ಎಲ್ಲಿ ಹಾಕ್ತೀನಿ ಅನ್ನೋದು ಗುಪ್ತ ಅದರಿ ಸರ್. ನನ್ ಕೆಲಸ ಗುಪ್ತ ಇಲ್ಲ. ನೋಡ್ರಿ," ಎಂದು ಫೋಟೋ, ಸಹಿ, ಹೆಬ್ಬೆಟ್ಟು ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟಳು. ತನ್ನದೇ ಕಡೆಯ ಖಾಜಾನ ಹೆಸರನ್ನೂ ತೆಗೆಯಲು ಬರೆದದ್ದನ್ನು ತೋರಿಸಲು ಅವಳೇ ಮುಂದಾಗಲಿಲ್ಲ. ಹಾಳೆ ತಿರುವುತ್ತ ತಹಶೀಲ್ದಾರರೇ ನೋಡಿದರು.

ಆಮೇಲೆ ಅವರು ಅಜಯಕುಮಾರನತ್ತ ತಿರುಗಿದರು. "ಈ ನಲವತ್ತೊಂದರಲ್ಲಿ ನೀವು ಯಾವ ಮನೆಗೆ ಹೋಗಿ ನೋಡಿದ್ರಿ? ಒಂದು ಮನೆ ಹೇಳಿ."

ಅಜಯಕುಮಾರ ಮೇಲಿನ ಎರಡು ಹಾಳೆ ತಿರುವಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ.

"ಸುಳ್ಳು ಘೋಷಣೆಗೆ ನಾನು ಪೊಲೀಸರಿಗೆ ಬರೀಬಹುದು. ಗೊತ್ತೇ?" ಎಂದವರು ಲುಂಬಿನಿಯನ್ನು ನೋಡಿದರು. "ನೀವೇನು ಹೇಳ್ತೀರಮ್ಮ?"

ನಾನು ಬಾಗಿಲ ಬಳಿ ನಿಂತಿದ್ದೆ. ಬಿಟ್ಟುಬಿಡಿ ಎಂದು ಕೈಮುಗಿಯುತ್ತಾಳೆ ಅಂದುಕೊಂಡೆ.

"ನಾ ನೋಡಿದ್ದು ಬರದು ಕೊಟ್ಟೀನ್ರಿ ಸರ್. ಮುಂದಿಂದು ನಿಮ್ಮ ಕೆಲಸ. ಒಂದೇ ಮಾತು ಹೇಳ್ತೀನಿ, ಇವ್ರು ಬರದವ್ರಲ್ಲ. ಬರದು ಕೊಟ್ಟಿದ್ದಕ್ಕ ಓದದೆ ಸಹಿ ಮಾಡ್ಯಾರ. ಅದೂ ತಪ್ಪೇ ಅದ."

ತಹಶೀಲ್ದಾರರು ಅಜಯಕುಮಾರನಿಗೆ ಮೂರು ದಿನದ ಗಡುವು ಕೊಟ್ಟರು. ನಲವತ್ತೊಂದು ಮನೆಗೂ ಅವನೇ ಹೋಗಿ ನೋಡಿ, ಯಾವ ಅರ್ಜಿಗೆ ಈಗಲೂ ಬದ್ಧನೋ ಬರೆದುಕೊಡಬೇಕು.

ಅವನು ಹೋದ. ಆ ಮೂರು ದಿನ ಲುಂಬಿನಿ ಖಣಿ ಓಣಿಯತ್ತ ಕಾಲಿಡಲಿಲ್ಲ. ಏನು ನಡೆಯಿತೆಂದು ಅವಳಿಗೆ ಆಮೇಲೆ ಹೇಳಿದವರು ತಾಜುನ್ನಿಸಾ. ಹೊಸ್ತಿಲ ಹೊರಗೇ ನಿಂತವನನ್ನು ಒಳಗೆ ಕರೆದು ಕೂರಿಸಿದರಂತೆ. "ನಾ ಎಲ್ಲಿ ಹೋಗೀನಿ ಹೇಳು ಬೇಟಾ, ನನಗೂ ಗೊತ್ತಾಗ್ಲಿ," ಎಂದರಂತೆ. ಅವನು ತಲೆ ಎತ್ತಲಿಲ್ಲ. "ನೀರು ಕೊಟ್ಟೆ. ಚಾ ಕೊಡಲಿಲ್ಲ," ಎಂದರು ಮುದುಕಿ.

ಮೂರನೆಯ ದಿನ ಅಜಯಕುಮಾರ ತನ್ನ ಕೈಬರಹದಲ್ಲೇ ಮೂವತ್ತೈದು ಅರ್ಜಿಗಳನ್ನು ಹಿಂದಕ್ಕೆ ಪಡೆದ. ತಹಶೀಲ್ದಾರರು ಎಚ್ಚರಿಕೆ ಕೊಟ್ಟು ಕಡತ ಮುಚ್ಚಿದರು. ಲುಂಬಿನಿಯ ಮೇಲಿನ ದೂರೂ ಬಿದ್ದುಹೋಯಿತು. ವಾರ್ಡಿನ ಟಿಕೆಟ್ಟು ಸಾಯಿಕುಮಾರ ಎಂಬವನಿಗೆ ಎಂದು ಭಗವಂತರಾವ್ ಎಲ್ಲರ ಮುಂದೆ ಹೇಳಿದ. ಆ ಸಭೆಯಲ್ಲಿ ಅಜಯಕುಮಾರನಿಗೆ ಕುರ್ಚಿ ಹಿಂದಿನ ಸಾಲಿನಲ್ಲಿತ್ತು.

"ನಿನ್ನಿಂದ ಹೋಯ್ತು," ಎಂದ ಅವನು ಮನೆಗೆ ಬಂದು.

"ಹೌದು, ನನ್ನಿಂದ್ಲೇ ಹೋಯ್ತು," ಎಂದಳು ಲುಂಬಿನಿ. ಅಲ್ಲಗಳೆಯಲು ಅವಳಿಗೆ ಮನಸ್ಸಾಗಲಿಲ್ಲ.

ಆಮೇಲಿನದು ನಾಲ್ಕು ತಿಂಗಳ ಮೌನ. ಚಿತ್ತಾಪುರದಿಂದ ಅವಳ ಅಣ್ಣ ಶರಣಕುಮಾರ ಬಂದು, "ನಡಿ, ಕೆಲವು ದಿನ ನಮ್ ಮನ್ಯಾಗಿರು," ಎಂದು ಕರೆದೊಯ್ದ. ಎರಡು ದಿನ ಇದ್ದಳು. ಅಲ್ಲಿ ಎಲ್ಲರೂ ಅವಳಿಗೆ ಬುದ್ಧಿ ಹೇಳುವವರೇ. ಮೂರನೆಯ ದಿನ ಚೀಲ ತೆಗೆದುಕೊಂಡು ಹೊರಟಳು. "ಅವ್ರು ಮಾತಾಡ್ಲಿ, ಬಿಡ್ಲಿ. ನಂದೂ ಮನಿ ಅದು. ಅವ್ರಿಗಿ ನನ್ ಮುಖ ನೋಡಿ ಸಿಟ್ಟು ಬರ್ತದಂತ ನಾ ಯಾಕ ಬಿಟ್ಟು ಕೊಡ್ಲಿ?" ಎಂದಳಂತೆ ಅಣ್ಣನಿಗೆ.

ಮನೆಯಲ್ಲಿ ಮಾತೆಲ್ಲ ಮಗಳ ಮೂಲಕ. ಪಪ್ಪಾ ನೀರು ಕಾಸಲು ಹೇಳ್ತಾರ, ಮಮ್ಮಿ ಗ್ಯಾಸ್ ಮುಗಿದದ ಅಂತಾಳ. ಒಂಬತ್ತನೆಯ ತರಗತಿಯ ಪೂನಮ್ ಒಂದು ದಿನ ಊಟದ ತಟ್ಟೆ ಸರಿಸಿ ಎದ್ದಳು. "ನಾ ಪೋಸ್ಟ್‌ಮನ್ ಅಲ್ಲ. ಬೈಕೋಬೇಕಂದ್ರ ಬೈಕೋರಿ, ಆದ್ರ ನೇರ ಬೈಕೋರಿ!" ಸಾಬಮ್ಮ ಮೊಮ್ಮಗಳ ಕೈ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋದಳು. ಹೋಗುವಾಗ ಮಗನಿಗೆ, "ಬಾಯಿ ಅದನೋ ಹೋಯ್ತೋ ನೋಡ್ಕೋ," ಎಂದಳು.

ಇಬ್ಬರೇ ಉಳಿದರು. ಮೊದಲು ಬಾಯಿ ಬಿಟ್ಟವನು ಅಜಯಕುಮಾರ. ತಡೆದುಕೊಂಡದ್ದೆಲ್ಲ ಹೊರಬಂತು. ಟಿಕೆಟ್ಟು, ಹಿಂದಿನ ಸಾಲಿನ ಕುರ್ಚಿ, ಅಡ್ಡೆಯಲ್ಲಿ ಜನ ನಕ್ಕದ್ದು. ಅವಳೂ ಬಿಡಲಿಲ್ಲ. ಆ ದೂರಿನ ಕಾಗದವನ್ನು ತಾನು ಮರೆಯುವುದಿಲ್ಲ ಎಂದು ಮುಖಕ್ಕೇ ಹೇಳಿದಳು. ಅವನು ಮಗಳು ಸರಿಸಿದ ತಟ್ಟೆಯನ್ನು ಎತ್ತಿಡುತ್ತ ಹೇಳಿದ, "ಅದೊಂದು ನಾ ಮಾಡಬಾರದಿತ್ತು."

ಆಮೇಲೆ ಕೇಳಿದ, "ಟಿಕೆಟ್ ನನಗ ಸಿಕ್ಕಿದ್ರ ನೀ ನನಗ ಹಾಕ್ತಿದ್ದೇನು?"

"ಗೊತ್ತಿಲ್ಲ. ಒಳಗ ಹೋಗಿ ನಿಂತಾಗ ಗೊತ್ತಾಗ್ತಿತ್ತು."

ಸುಳ್ಳು ಹೇಳಿದ್ದರೆ ಅವನಿಗೆ ಆ ಹೊತ್ತಿಗೆ ಸಮಾಧಾನವಾಗುತ್ತಿತ್ತೇನೋ. ಅವನು ತನ್ನ ತಟ್ಟೆ ಮುಂದೆಳೆದುಕೊಂಡು, "ಆಯ್ತು. ಊಟಕ್ಕ ಹಾಕು," ಎಂದನಂತೆ.

ಅಜಯಕುಮಾರ ಪಕ್ಷ ಬಿಡಲಿಲ್ಲ. ಜನ ಹಾಗೆ ಆಗುತ್ತದೆ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ. ಅವನು ಈಗಲೂ ಅದರಲ್ಲೇ ಇದ್ದಾನೆ, ಅದೇ ಸರಿ ಎಂದು ವಾದಿಸುತ್ತಾನೆ. ಆದರೆ ಯಾರೇ ಬರೆದು ತಂದರೂ ಓದದೆ ಸಹಿ ಹಾಕುವುದಿಲ್ಲ. ಅದಕ್ಕಾಗಿ ಭಗವಂತರಾವ್ ಜೊತೆ ಜಗಳವೂ ಆಯಿತು. ಖಣಿ ಓಣಿಯಲ್ಲಿ ಅವನಿಗೆ ಮೊದಲಿನ ಸಲುಗೆ ಸಿಕ್ಕಿಲ್ಲ. ತಾಜುನ್ನಿಸಾ ಕಂಡರೆ ಸಲಾಂ ಮಾಡುತ್ತಾನೆ, ಅವರು ತಲೆ ಆಡಿಸುತ್ತಾರೆ.

ಗಂಡ-ಹೆಂಡತಿ ಈಗ ಎದುರೆದುರೇ ವಾದ ಮಾಡುತ್ತಾರೆ. ಅವರ ಮನೆಗೆ ಹೋದಾಗ ನಾನೇ ಕೇಳಿದ್ದೇನೆ, ಬೀದಿಗೆ ಕೇಳುವಷ್ಟು ಜೋರು. ಯಾರೂ ಯಾರನ್ನೂ ಒಪ್ಪಿಸಿಲ್ಲ. ಚರ್ಚೆ ಕಾವೇರಿದಾಗ ಸಾಬಮ್ಮ ಟಿ.ವಿ. ಆರಿಸುತ್ತಾಳೆ, ಅವರಿಬ್ಬರೂ ಮುಂದುವರಿಸುತ್ತಾರೆ. ಲುಂಬಿನಿಯ ಮನಸ್ಸಿನಲ್ಲಿ ಆ ದೂರಿನ ನೋವು ಪೂರ್ತಿ ಹೋಗಿಲ್ಲ, ಹೋಗಿದೆ ಎಂದು ಅವಳು ನಟಿಸುವುದೂ ಇಲ್ಲ.

ಹೋದ ತಿಂಗಳು ತಹಶೀಲ ಕಚೇರಿಯವರು ಅವಳನ್ನು ಕೇಳಿದರು, ಮನೆಯಲ್ಲಿ ತೊಂದರೆಯಾಗುವುದಾದರೆ ಬೇರೆ ಭಾಗಕ್ಕೆ ಬದಲಾಯಿಸಿಕೊಡೋಣವೇ ಎಂದು.

"ಬ್ಯಾಡ್ರಿ. ಆ ಓಣಿ ಮನಿ ಎಲ್ಲಾ ನನಗ ಗೊತ್ತವ," ಎಂದಳು ಲುಂಬಿನಿ. ಹೊಸದಾಗಿ ಹದಿನೆಂಟು ತುಂಬಿದ ಏಳು ಹುಡುಗಿಯರ ಅರ್ಜಿಗಳು ಅವಳ ಚೀಲದಲ್ಲಿದ್ದವು. ಬಿಸಿಲು ಏರುವ ಮೊದಲು ಮನೆಗಳನ್ನು ಮುಗಿಸಬೇಕೆಂದು ನನಗಿಂತ ಮೊದಲೇ ಹೊರಟುಹೋದಳು.